ಕಸ ಕೊಡಿ ಎಂದು ಬೀದಿ ಸುತ್ತಿದ ಹದಿನೈದು ದಿನ

ಒಂದು ಗುರುವಾರ ಬೆಳಿಗ್ಗೆ ಮನೆ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಗೇಟಿನ ಹತ್ತಿರ ಜೀಪು ಬಂದು ನಿಂತಿತು. ಇಳಿದವನು ನಮ್ಮ ವಾರ್ಡ್ ಆಫೀಸಿನ ಇಂಜಿನಿಯರ್. ನಾನು ರಾಜಾಜಿನಗರದ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದಾಗ ಹತ್ತನೇ ಕ್ಲಾಸಿನ ಎರಡನೇ ಬೆಂಚಿನಲ್ಲಿ ಕೂರುತ್ತಿದ್ದವನು. ಈಗ ಮುಂದಲೆಯಲ್ಲಿ ಕೂದಲಿಲ್ಲ, ಸ್ವಲ್ಪ ಹೊಟ್ಟೆಯೂ ಬಂದಿದೆ. ಆದರೂ ನನ್ನನ್ನು ಕಂಡ ಕೂಡಲೇ ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವ ಅಭ್ಯಾಸ ಹೋಗಿಲ್ಲ.

"ಮಿಸ್, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು."

"ಏನೋ ಅದು?"

"ಕಸ ಬೇಕಿತ್ತು ಮಿಸ್."

ಅವನು ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆಯ ಲಕ್ಷಣವಿಲ್ಲ. ಮನೆಯಲ್ಲಿ ಕಾಯಿಲೆಯವರಿದ್ದಾಗ ಔಷಧಿ ಅಂಗಡಿ ಮುಂದೆ ನಿಲ್ಲುವವರ ಹಾಗೆ ನಿಂತಿದ್ದ.

ಅವನು ಯಾಕೆ ನನ್ನ ಹತ್ತಿರವೇ ಬಂದ ಅಂತ ಹೇಳಬೇಕಾದರೆ ಏಳು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಮನೆ ಇರುವುದು ಮೂಡಲಪಾಳ್ಯದ ಕಡೆ. ನಾನು ನಿವೃತ್ತಿಯಾಗಿ ಮನೆಯಲ್ಲಿ ಕೂತ ಹೊಸದರಲ್ಲಿ ನಮ್ಮ ಬೀದಿ ಪಾರ್ಕಿಗೆ ಸೇರುವ ಮೂಲೆಯಲ್ಲಿ ಒಂದು ಕಸದ ಗುಡ್ಡೆ ಇತ್ತು. ಆಫೀಸಿನವರು ಅದನ್ನು ತೆಗೆಸುತ್ತಿದ್ದರು, ಸಂಜೆಗೆ ಅದು ಮತ್ತೆ ಬೆಳೆದಿರುತ್ತಿತ್ತು. ಪಾಠ ಹೇಳಲು ಮಕ್ಕಳಿಲ್ಲದೆ ಬಾಯಿ ಕಟ್ಟಿಹಾಕಿದಂತಾಗಿದ್ದ ನನಗೆ ಆ ಗುಡ್ಡೆ ಒಂದು ವರವಾಯಿತು. ಎರಡು ಪ್ಲಾಸ್ಟಿಕ್ ಬಕೆಟ್ ತಂದೆ. ತಳಕ್ಕೆ ತೂತು ಹಾಕಿ, ತೆಂಗಿನ ನಾರು ಹರವಿ, ತರಕಾರಿ ಸಿಪ್ಪೆ ಹಾಕಿ, ಮೇಲೆ ಸ್ವಲ್ಪ ಮಜ್ಜಿಗೆ ಚಿಮುಕಿಸಿ ಮುಚ್ಚಿಟ್ಟೆ. ಎರಡು ತಿಂಗಳಿಗೆ ಕಪ್ಪಗೆ ಒಳ್ಳೆಯ ಗೊಬ್ಬರವಾಯಿತು. ಆಮೇಲೆ ನಮ್ಮ ಬೀದಿಯವರಿಗೆ ನೆಮ್ಮದಿ ಇಲ್ಲದಂತಾಯಿತು.

ಮನೆ ಮನೆಗೆ ಹೋದೆ. ಕಸ ಹೊರಗೆ ಕೊಡುವುದು ಸೋಮಾರಿಗಳ ಕೆಲಸ ಅಂದೆ. ನಿಮ್ಮ ಆಲೂಗಡ್ಡೆ ಸಿಪ್ಪೆ ನಿಮ್ಮ ಜವಾಬ್ದಾರಿ ಅಂದೆ. ಮೊದಮೊದಲು ಜನ ನನ್ನ ಚಪ್ಪಲಿ ಸದ್ದು ಕೇಳಿದರೆ ಟಿವಿ ಆಫ್ ಮಾಡಿ ಸುಮ್ಮನೆ ಕೂರುತ್ತಿದ್ದರು. ಬೆನ್ನ ಹಿಂದೆ ನನಗೆ 'ಗೊಬ್ಬರದ ಮಿಸ್' ಅಂತ ಹೆಸರಿಟ್ಟರು. ನಾನು ಬಿಡಲಿಲ್ಲ. ಒಂದು ಬೀದಿ ಎರಡಾಯಿತು, ಎರಡು ಆರಾಯಿತು. ತಾರಸಿಗಳ ಮೇಲೆ ಬಕೆಟ್‌ಗಳು, ಬಕೆಟ್ ಪಕ್ಕದಲ್ಲಿ ಕರಿಬೇವು, ಬಸಳೆ. ಕಡೆಗೆ ಹಾಡು ಹಾಕಿಕೊಂಡು ಬರುವ ಕಸದ ಆಟೋ ನಮ್ಮ ಬೀದಿಗಳಲ್ಲಿ ಬರೀ ಹಾಡು ಹೇಳಿಕೊಂಡು ಹೋಗುವಷ್ಟರ ಮಟ್ಟಿಗೆ ಬಂತು.

ಉಳಿದಿದ್ದು ಮೇನ್ ರೋಡಿನ ತರಕಾರಿ ಅಂಗಡಿಗಳ ಸೊಪ್ಪುಸದೆ. ಅದಕ್ಕೆ ಬೇರೆ ಒಡತಿ ಇದ್ದರು. ಮೂಡಲಪಾಳ್ಯ ಹಳ್ಳಿಯಾಗಿದ್ದ ಕಾಲದಿಂದ ಇಲ್ಲಿರುವ ಒಕ್ಕಲು ಮನೆತನದ ಹೆಂಗಸು. ಅವರ ಹೊಲ ಸೈಟುಗಳಾಗಿ, ಸೈಟಿನ ಮೇಲೆ ನಾಲ್ಕು ಅಂತಸ್ತಿನ ಕಟ್ಟಡ ಎದ್ದಿತ್ತು. ಮೇಲೆಲ್ಲ ಬಾಡಿಗೆದಾರರು. ನೆಲಮಹಡಿಯಲ್ಲಿ, ಬೇರೆಯವರು ಕಾರು ನಿಲ್ಲಿಸುವ ಜಾಗದಲ್ಲಿ, ಅವರು ನಾಲ್ಕು ಹಸು ಕಟ್ಟಿದ್ದರು. ದಿನಾ ಬೆಳಿಗ್ಗೆ ಅಂಗಡಿಯವರ ಹತ್ತಿರ ಕೋಸಿನ ಎಲೆ, ಮೂಲಂಗಿ ಸೊಪ್ಪು ತುಂಬಿಕೊಂಡು ಬರುತ್ತಿದ್ದರು. ಹೀಗೆ ಯಾರೂ ಮೀಟಿಂಗ್ ಮಾಡದೆ, ಯಾರೂ ಸಹಿ ಹಾಕದೆ, ನಮ್ಮ ವಾರ್ಡಿನ ಹಸಿ ಕಸದ ಸಮಸ್ಯೆ ಮುಗಿದುಹೋಗಿತ್ತು.

ಆಗ ಪಾರ್ಕಿನಲ್ಲಿ ಸ್ಥಾವರ ಬಂತು.

ವಾರ್ಡಿನ ಹಸಿ ಕಸ ಹಾಕಿದರೆ ಗ್ಯಾಸ್ ಆಗಿ, ಗ್ಯಾಸಿನಿಂದ ಜನರೇಟರ್ ತಿರುಗಿ, ಕರೆಂಟ್ ಬಂದು ಪಾರ್ಕಿನ ದೀಪ ಉರಿಯಬೇಕು. ಸಾಲದ್ದಕ್ಕೆ ವಾಕಿಂಗ್‌ನವರು ಕೂರುವ ಮಂಟಪದ ಚಾವಣಿಗೆ ಸೋಲಾರ್ ಪ್ಯಾನೆಲ್‌ಗಳು. ಎರಡೂ ಕಡೆಯ ಕರೆಂಟನ್ನು ಕೂಡಿಟ್ಟುಕೊಳ್ಳಲು ಕಬ್ಬಿಣದ ಬೀರುವಿನಂಥ ದೊಡ್ಡ ಬ್ಯಾಟರಿ. ಹಸಿರು ಬಣ್ಣದ ಶೆಡ್ಡು, ಸಿಪ್ಪೆ ರುಬ್ಬುವ ಮಿಷನ್ನು, ನೆಲದೊಳಗೆ ಒಂದು ಮನೆಯಷ್ಟು ಆಳದ ತೊಟ್ಟಿ, ಮೇಲೆ ಗ್ಯಾಸ್ ತುಂಬಿಕೊಳ್ಳುವ ರಬ್ಬರಿನ ಬಲೂನು. ಗೇಟಿನಲ್ಲಿ 'ಕಸದಿಂದ ಬೆಳಕಿನೆಡೆಗೆ' ಎಂಬ ಬೋರ್ಡು. ದಿನವೂ ಅದರ ಮುಂದೆ ನಡೆದುಹೋಗುತ್ತಿದ್ದೆ. ವಿಜ್ಞಾನ ಟೀಚರ್ ಆಗಿ ನನಗೆ ಸಂತೋಷವೇ ಆಗಿತ್ತು. ಇದಕ್ಕೆ ಕಸ ಎಲ್ಲಿಂದ ತರುತ್ತಾರೆ ಎಂಬ ಪ್ರಶ್ನೆ ನನಗೂ ಹೊಳೆಯಲಿಲ್ಲ, ಅದನ್ನು ಕಟ್ಟಿದವರಿಗೂ ಹೊಳೆಯಲಿಲ್ಲ.

"ಸರ್ವೆ ಮಾಡಿದಾಗ ಕಸ ಇತ್ತು ಮಿಸ್," ಅಂದ ನನ್ನ ಶಿಷ್ಯ, ಕುರ್ಚಿ ತುದಿಯಲ್ಲಿ ಕೂತುಕೊಂಡು. "ಆ ಗುಡ್ಡೆ ನೋಡೇ ಪ್ಲಾನ್ ಹಾಕಿದ್ದು. ಫೈಲ್ ಮೇಲಕ್ಕೆ ಹೋಗಿ ಕೆಳಕ್ಕೆ ಬರೋ ಅಷ್ಟರಲ್ಲಿ ನೀವು ಬಕೆಟ್ ಹಂಚಿಬಿಟ್ರಿ."

"ಅಂದ್ರೆ ತಪ್ಪು ನಂದೇನೋ?"

"ತಪ್ಪು ಅಂತಲ್ಲ ಮಿಸ್. ನೀವು ಸ್ವಲ್ಪ ಫಾಸ್ಟು."

ತೊಟ್ಟಿಗೆ ದಿನಕ್ಕೆ ಎರಡು ಆಟೋ ತುಂಬ ಹಸಿ ಕಸ ಬೇಕು. ಸಿಗುತ್ತಿರುವುದು ಒಂದು ಬುಟ್ಟಿ, ಅದರಲ್ಲೂ ಅರ್ಧ ಬಾಳೆಎಲೆ. ಉದ್ಘಾಟನೆಗೆ ಹದಿನೈದೇ ದಿನ ಉಳಿದಿದೆ. ದೊಡ್ಡ ಸಾಹೇಬರ ಡೇಟು ಸಿಕ್ಕಿಬಿಟ್ಟಿದೆ. ಆದ್ದರಿಂದ ನಾನು ಮನೆ ಮನೆಗೆ ಹೋಗಿ, ಹದಿನೈದು ದಿನ ಗೊಬ್ಬರ ಮಾಡುವುದನ್ನು ನಿಲ್ಲಿಸಿ ಕಸ ಹೊರಗೆ ಕೊಡಿ ಅಂತ ಹೇಳಬೇಕು. ಅದು ಅವನ ಬೇಡಿಕೆ.

ನನಗೆ ಸಿಟ್ಟು ಬಂತು. "ಏಳು ವರ್ಷ ಬಾಯಿ ಬಡಕೊಂಡು ಕಲಿಸಿದೀನಿ ಕಣೋ. ಈಗ ಹೋಗಿ ಮರೀರಿ ಅನ್ನಲಾ?"

ಒಳಗೆ ಪೇಪರ್ ಓದುತ್ತಿದ್ದ ನನ್ನ ಯಜಮಾನರು ಅಲ್ಲಿಂದಲೇ ಹೇಳಿದರು: "ನಮ್ಮನೆ ಕಸಕ್ಕೆ ಮೊದಲ ಸಲ ಗಿರಾಕಿ ಬಂದಿದಾರೆ. ಕಳಿಸ್ಬೇಡ ಕಣೇ."

ಶಿಷ್ಯ ತಲೆ ತಗ್ಗಿಸಿದ. ಸ್ಥಾವರ ನಡೆಯದಿದ್ದರೆ ಎಲ್ಲರೂ ತನ್ನ ಕಡೆಯೇ ಬೆರಳು ತೋರಿಸುತ್ತಾರೆ ಅಂದ. ಆಮೇಲೆ, ಬಾಗಿಲ ತನಕ ಹೋಗಿ ತಿರುಗಿ, "ಅವತ್ತು ಸ್ಟೇಜ್ ಮೇಲೆ ನಿಮಗೆ ಸನ್ಮಾನ ಇಟ್ಕೊಂಡಿದೀವಿ ಮಿಸ್," ಅಂದ.

ಅವನ ಮೇಲಿನ ಕರುಣೆಯಿಂದ ಒಪ್ಪಿಕೊಂಡೆ ಅಂತ ಎಷ್ಟೋ ಜನರಿಗೆ ಹೇಳಿದ್ದೇನೆ. ಒಪ್ಪಿಸಿದ್ದು ಆ ಸನ್ಮಾನವೇ. ಮೂವತ್ತು ವರ್ಷ ಪಾಠ ಮಾಡಿದವಳಿಗೆ ಬೀಳ್ಕೊಡುಗೆಯ ದಿನ ಕೊಟ್ಟ ಗೋಡೆ ಗಡಿಯಾರ ಮೂರೇ ತಿಂಗಳಿಗೆ ನಿಂತುಹೋಗಿತ್ತು. ಒಂದು ಶಾಲು ಹೊದೆಸಿಕೊಳ್ಳುವ ಆಸೆ ನನಗಿತ್ತು.

ಮಾರನೇ ದಿನದಿಂದಲೇ ಹೊರಟೆ. ಮೊದಲ ಮನೆಯಲ್ಲಿದ್ದವರು ನಿವೃತ್ತ ಪೋಸ್ಟ್ ಮಾಸ್ಟರರ ಹೆಂಡತಿ, ನನ್ನ ಮೊದಲ ಶಿಷ್ಯೆ. ವಿಷಯ ಕೇಳಿ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡು ನನ್ನನ್ನು ನೋಡಿದರು.

"ಕಸ ಹೊರಗೆ ಕೊಡೋದು ಸೋಮಾರಿಗಳ ಕೆಲಸ ಅಂತ ನೀವೇ ಅಲ್ವಾ ಹೇಳಿದ್ದು?"

"ಹೌದು. ಹದಿನೈದು ದಿನ ಮಾತ್ರ ಸೋಮಾರಿ ಆಗಿ."

"ನನ್ನ ಬಕೆಟ್ಟು ಅರ್ಧಕ್ಕೆ ಬಂದಿದೆ. ಈಗ ನಿಲ್ಲಿಸಿದ್ರೆ ಹುಳ ಉಪವಾಸ ಬೀಳಲ್ವಾ?"

ಅದೂ ನಾನೇ ಹೇಳಿಕೊಟ್ಟಿದ್ದು. ಮುಂದಿನ ಮನೆಯವರು, ಇದರಲ್ಲಿ ನಿಮಗೇನು ಸಿಗುತ್ತೆ ಅಂತ ನಗುತ್ತಾ ಕೇಳಿದರು. ಶಾಲಿನ ವಿಷಯ ಹೇಳಲಿಲ್ಲ. ಅದರ ಮುಂದಿನ ಮನೆಯ ಆಂಟಿ ಬೇಡ ಅನ್ನಲಾರದೆ ಒಂದು ಕವರಿನಲ್ಲಿ ಸಿಪ್ಪೆ ಕೊಟ್ಟರು. ತೊಳೆದ ಸಿಪ್ಪೆ! ಆಫೀಸಿಗೆ ಹೋಗುವ ಕಸ ಅಂತ ತೊಳೆದು, ನೀರು ಸೋರಿಸಿ, ಗಂಟು ಹಾಕಿ ಕೊಟ್ಟಿದ್ದರು. ಅತಿಥಿಗಳಿಗೆ ಹಣ್ಣು ಕಳಿಸಿದ ಹಾಗಿತ್ತು. ಮೂರು ದಿನ ಬೀದಿ ಸುತ್ತಿ ನಾನು ಕೂಡಿಸಿದ್ದು ಒಂದೂವರೆ ಬಕೆಟ್. ಅದನ್ನು ತೊಟ್ಟಿಗೆ ಹಾಕಿದಾಗ ಕೆಳಗೆ ಬಿದ್ದ ಸದ್ದೂ ಕೇಳಲಿಲ್ಲ.

ನಾಲ್ಕನೇ ದಿನ ಪೇಪರಿಗೆ ಫೋಟೋ ತೆಗೆಯಬೇಕಾಗಿತ್ತು. ನನ್ನ ಕೈಯಲ್ಲಿ ಬುಟ್ಟಿ ಕೊಟ್ಟು ಮಿಷನ್ನಿನ ಬಾಯಿಯ ಹತ್ತಿರ ನಿಲ್ಲಿಸಿದರು. ಬುಟ್ಟಿಯ ತಳದಲ್ಲಿ ಮಾತ್ರ ಸಿಪ್ಪೆ ಇತ್ತು, ಫೋಟೋದಲ್ಲಿ ಕಾಣುತ್ತಿರಲಿಲ್ಲ. ಆಫೀಸಿನವರೊಬ್ಬರು ಮೇನ್ ರೋಡಿಗೆ ಹೋಗಿ ನಾಲ್ಕು ಎಲೆಕೋಸು ಕೊಂಡು ತಂದು ಮೇಲೆ ಇಟ್ಟರು. ಒಳ್ಳೆಯ ಕೋಸು, ಗಟ್ಟಿ ಗಡ್ಡೆ. ಫೋಟೋ ಆಯಿತು. ಕೋಸು ಮಿಷನ್ನಿಗೆ ಬಿತ್ತು. ಅವತ್ತು ರಾತ್ರಿ ಅಡುಗೆಗೆ ನಮ್ಮ ಮನೆಯಲ್ಲಿ ತರಕಾರಿ ಇರಲಿಲ್ಲ.

ಅದನ್ನು ಪಾರ್ಕಿನ ಕಂಬಿಯ ಆಚೆಯಿಂದ ನೋಡಿದವರು ಹಸುವಿನ ಒಡತಿ. ಮಾರನೇ ಬೆಳಿಗ್ಗೆ ನಮ್ಮ ಗೇಟು ಬಡಿದರು.

"ಏನ್ ಟೀಚರಮ್ಮ, ನನ್ ದನಗಳ ಬಾಯಿಂದ ಸೊಪ್ಪು ಕಿತ್ಕೊಂಡು ದೀಪ ಹಚ್ತೀರಂತೆ?"

ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು: ಕಸ ಸಾಲದೆ ಶಿಷ್ಯ ತರಕಾರಿ ಅಂಗಡಿಗಳಿಗೆ ಒಂದು ಪತ್ರ ಹೊರಡಿಸಿದ್ದ. ಇನ್ನು ಮೇಲೆ ಕೋಸಿನ ಎಲೆ, ಮೂಲಂಗಿ ಸೊಪ್ಪು ಮುಂತಾದವು ಸ್ಥಾವರದ ಕಚ್ಚಾವಸ್ತು, ಖಾಸಗಿಯವರಿಗೆ ಕೊಡುವಂತಿಲ್ಲ. ಅವರು ಚೀಲ ಹಿಡಿದು ಹೋದಾಗ ಅಂಗಡಿಯವರು ಪತ್ರ ತೋರಿಸಿ ಕಳಿಸಿದ್ದರು.

"ನನಗೆ ಗೊತ್ತಿಲ್ಲಮ್ಮ, ದೇವರಾಣೆ," ಅಂದೆ.

"ಪೇಪರ್‌ನಾಗೆ ನಿಮ್ ಫೋಟೋ ಐತಲ್ಲ, ಕೋಸು ಹಿಡ್ಕೊಂಡು?"

ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ಅವರು ಕಾಫಿ ಮುಟ್ಟದೆ ಕೇಳಿದರು: "ನಿಮ್ ಮಿಷನ್ನು ಸೊಪ್ಪು ತಿಂದು ಏನ್ ಕೊಡ್ತದೆ?"

"ಗ್ಯಾಸ್ ಕೊಡುತ್ತೆ. ಅದರಿಂದ ಕರೆಂಟು."

"ಎಷ್ಟು ದಿನಕ್ಕೆ?"

"ಶುರು ಆಗೋಕೆ ಒಂದು ತಿಂಗಳಾದ್ರೂ ಬೇಕು."

"ನನ್ ದನ ಸಾಯಂಕಾಲಕ್ಕೇ ಹಾಲು ಕೊಡ್ತವೆ," ಅಂದರು. ಆಮೇಲೆ ಸೀರೆಯ ಸೆರಗಿನಿಂದ ಮಡಚಿದ ಕಾಗದ ತೆಗೆದು ನನ್ನ ಮುಂದೆ ಇಟ್ಟರು. ಅದೇ ಆಫೀಸಿನ ಇನ್ನೊಂದು ನೋಟಿಸು. ಬಡಾವಣೆಯಲ್ಲಿ ಹಸು ಸಾಕುವುದರಿಂದ ಸಗಣಿಯಿಂದಾಗಿ ಪರಿಸರ ಹಾಳಾಗುತ್ತಿದೆ, ತೆರವು ಮಾಡಿ ಅಂತ.

ಇನ್ನೂ ಕಾಗದ ಓದುತ್ತಿದ್ದೆ, ಗೇಟಿನಲ್ಲಿ ಜೀಪಿನ ಸದ್ದಾಯಿತು. ಶಿಷ್ಯ ಓಡಿಕೊಂಡು ಒಳಗೆ ಬಂದ. ಬೆವರುತ್ತಿದ್ದ. ಒಳಗೆ ಯಾರಿದ್ದಾರೆ ಅಂತ ನೋಡದೆಯೇ ಹೇಳಿದ: "ಮಿಸ್, ತೊಟ್ಟಿ ಸ್ಟಾರ್ಟ್ ಆಗಲ್ವಂತೆ. ಬರೀ ತರಕಾರಿ ಹಾಕಿದ್ರೆ ಹುಳಿ ಬಂದು ಕೆಟ್ಟುಹೋಗುತ್ತೆ ಅಂತ ಕಂಪನಿಯವರು ಈಗ ಹೇಳ್ತಿದಾರೆ. ಮೊದಲು ಸಗಣಿ ಹಾಕ್ಬೇಕಂತೆ. ಒಂದು ಟ್ರಾಕ್ಟರ್ ಸಗಣಿ. ಎಲ್ಲಿ ಸಿಗುತ್ತೆ ಮಿಸ್?"

ಪಾಠದಲ್ಲಿ ನಾನೇ ಹೇಳಿಕೊಟ್ಟಿದ್ದೆ ಇವನಿಗೆ. ಸಗಣಿಯಲ್ಲಿ ಗ್ಯಾಸ್ ಹುಟ್ಟಿಸುವ ಸೂಕ್ಷ್ಮಜೀವಿಗಳಿರುತ್ತವೆ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಮೊದಲು ಅದನ್ನು ಹಾಕಬೇಕು ಅಂತ. ಪರೀಕ್ಷೆಗೆ ಬರುವುದಿಲ್ಲ ಅಂತ ಬಿಟ್ಟಿರಬೇಕು.

ನಾನು ಸೋಫಾದ ಕಡೆ ನೋಡಿದೆ. ಅವನೂ ನೋಡಿದ. ಹಸುವಿನ ಒಡತಿ ಆಗ ಕಾಫಿ ಲೋಟ ಕೈಗೆತ್ತಿಕೊಂಡು, ಊದಿ, ಒಂದು ಗುಟುಕು ಕುಡಿದರು.

"ಕೂತ್ಕೊಳಪ್ಪ," ಅಂದರು ಅವನಿಗೆ, ಅದು ಅವರದೇ ಮನೆಯೇನೋ ಅನ್ನುವ ಹಾಗೆ.

"ಅಮ್ಮ, ಆ ನೋಟಿಸು ನಮ್ಮದಲ್ಲ. ಅದು ಬೇರೆ ಸೆಕ್ಷನ್ನು," ಅಂದ ಅವನು, ಮೇಜಿನ ಮೇಲಿದ್ದ ಕಾಗದ ಕಂಡು.

"ಸೀಲು ಒಂದೇ ಐತಲ್ಲಪ್ಪ?"

ಅರ್ಧ ಗಂಟೆ ಮಾತುಕತೆ ನಡೆಯಿತು. ಅವರು ಕೇಳಿದ್ದು ಇಷ್ಟೇ: ಅಂಗಡಿಯ ಸೊಪ್ಪು ತಮ್ಮ ಹಸುಗಳಿಗೇ ಬರಬೇಕು. ಸಗಣಿಯನ್ನು ದಿನಾ ಸ್ಥಾವರದವರೇ ಬಂದು ಎತ್ತಿಕೊಂಡು ಹೋಗಬೇಕು. ನೋಟಿಸು ವಾಪಸ್ ಆಗಬೇಕು. ಅವನು ಮೊದಲೆರಡಕ್ಕೆ ಒಪ್ಪಿದ. ಮೂರನೆಯದಕ್ಕೆ, ವಾಪಸ್ ತೆಗೆದುಕೊಳ್ಳಲು ದಾರಿ ಇಲ್ಲ, ಆದರೆ ಫೈಲನ್ನು ಕಪಾಟಿನ ಮೇಲಿನ ಖಾನೆಯಲ್ಲಿ ಇಡಿಸಬಹುದು ಅಂದ. ಅಲ್ಲಿಟ್ಟಿದ್ದನ್ನು ಈವರೆಗೆ ಯಾರೂ ಕೆಳಗೆ ತೆಗೆದದ್ದಿಲ್ಲವಂತೆ. ಒಪ್ಪಂದವಾಯಿತು. ಹಸು ಅಧಿಕೃತವಾಗಿ ಇಲ್ಲದ ವಾರ್ಡಿನಲ್ಲಿ ಸಗಣಿ ಹೇಗೆ ಬಂತು ಎಂಬ ಪ್ರಶ್ನೆ ಏಳಬಾರದೆಂದು, ಅವನು ರಿಜಿಸ್ಟರಿನಲ್ಲಿ ಅದನ್ನು 'ಜೈವಿಕ ಚಾಲನಾ ದ್ರವ್ಯ' ಅಂತ ಬರೆಸಿದ. ಆ ಹೆಸರು ಕೇಳಿ ಹಸುವಿನ ಒಡತಿ ಎರಡು ದಿನ ನಕ್ಕರು.

ನಾಲ್ಕು ಹಸುಗಳ ಸಗಣಿ ಸಾಲದು. ಕೆಂಗೇರಿಯ ಆಚೆ ಅವರ ತಂಗಿಯ ಮನೆಯಲ್ಲೂ ದನಗಳಿದ್ದವು, ಅಲ್ಲಿಂದಲೂ ತರಿಸಿಕೊಟ್ಟರು. ತೊಟ್ಟಿಗೆ ಸಗಣಿ ಬಿತ್ತು, ನೀರು ಬಿತ್ತು. ಪ್ರತಿ ಬೆಳಿಗ್ಗೆ ಅವನು ಬಲೂನು ಉಬ್ಬಿದೆಯಾ ಅಂತ ಒತ್ತಿ ನೋಡುತ್ತಿದ್ದ. ಅದು ಬಾಣಂತಿಯ ಹೊಟ್ಟೆಯ ಹಾಗೆ ಸಡಿಲವಾಗಿ ಬಿದ್ದಿರುತ್ತಿತ್ತು. ಒಂದು ದಿನ ಚೂರು ಎದ್ದಿತು. ಆನಂದದಿಂದ ಬೆಂಕಿಕಡ್ಡಿ ಗೀರಿ ಬರ್ನರಿಗೆ ಹಿಡಿದ. ಹತ್ತಲಿಲ್ಲ; ಕಡ್ಡಿಯೇ ಆರಿತು. ಮೊದಲು ಬರುವ ಗ್ಯಾಸು ಉರಿಯುವುದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿ ಅಂದೆ. "ಉದ್ಘಾಟನೆ ಶುಕ್ರವಾರ ಮಿಸ್," ಅಂದ. ಸೂಕ್ಷ್ಮಜೀವಿಗಳಿಗೆ ಆಹ್ವಾನ ಪತ್ರಿಕೆ ತಲುಪಿಲ್ಲ ಕಣೋ ಅಂದೆ.

"ಹೋಗಲಿ ಬಿಡಿ, ಸೋಲಾರ್ ಇದೆಯಲ್ಲ," ಅಂತ ಸಮಾಧಾನ ಮಾಡಿಕೊಂಡ. ಅದು ಸರಿಯೇ. ಬಿಸಿಲು ಚೆನ್ನಾಗಿತ್ತು. ಬ್ಯಾಟರಿ ತುಂಬಿದರೆ ಒಂದು ರಾತ್ರಿಯ ದೀಪಕ್ಕೆ ಯೋಚನೆ ಇರಲಿಲ್ಲ.

ಆದರೆ ಮಂಗಳವಾರ ಸ್ವಾಗತದ ಫ್ಲೆಕ್ಸ್ ಬಂತು. ಅದೊಂದು ದೊಡ್ಡ ಫ್ಲೆಕ್ಸ್. ಅದರಲ್ಲಿ ದೊಡ್ಡ ಸಾಹೇಬರ ನಗುಮುಖ, ಸೂರ್ಯನ ಚಿತ್ರ, ಕೆಳಗೆ ಸಾಲಾಗಿ ಸ್ವಾಗತ ಕೋರುವವರ ಮುಖಗಳು. ಪಾರ್ಕಿನಲ್ಲಿ ಅಷ್ಟು ದೊಡ್ಡದು ಕಟ್ಟಲು ಎತ್ತರದ ಜಾಗ ಒಂದೇ ಇತ್ತು, ಮಂಟಪದ ಚಾವಣಿ. ರಸ್ತೆಯಿಂದ ಚೆನ್ನಾಗಿ ಕಾಣಲಿ ಅಂತ ಓರೆಯಾಗಿ, ಪ್ಯಾನೆಲ್‌ಗಳ ಮೇಲೆಯೇ ಹಾಸಿ, ನಾಲ್ಕು ಮೂಲೆಗೂ ಬಿಗಿಯಾಗಿ ಹಗ್ಗ ಕಟ್ಟಿದರು. ಮೂರು ದಿನ ಮೂಡಲಪಾಳ್ಯದ ಬಿಸಿಲೆಲ್ಲ ಆ ನಗುಮುಖದ ಮೇಲೆ ಬಿತ್ತು. ಸೋಮವಾರ ಸಂಜೆಯಷ್ಟೇ ಪ್ಯಾನೆಲ್‌ಗೆ ಜೋಡಿಸಿದ್ದ ಬ್ಯಾಟರಿಗೆ ಒಂದು ತೊಟ್ಟೂ ಇಳಿಯಲಿಲ್ಲ. ನಾನು ತೋರಿಸಿದೆ. ಶಿಷ್ಯ ಮೇಲೆ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. "ಬಿಚ್ಚಿಸೋ," ಅಂದೆ.

"ಸಾಹೇಬರ ಮುಖ ನಾನು ಹೇಗೆ ಬಿಚ್ಚಿಸಲಿ ಮಿಸ್?"

ಶುಕ್ರವಾರ ಸಂಜೆ ಆರು ಗಂಟೆಗೆ ಕಾರ್ಯಕ್ರಮ. ರೇಷ್ಮೆ ಸೀರೆ ಉಟ್ಟು ಹೋದೆ. ಶೆಡ್ಡಿನ ಹಿಂದೆ ಹಾದು ಬರುವಾಗ ಹೊಸದೊಂದು ಕಪ್ಪು ವೈರು ಕಣ್ಣಿಗೆ ಬಿತ್ತು. ರಸ್ತೆಯ ಲೈಟ್ ಕಂಬದಿಂದ ಇಳಿದು, ಹುಲ್ಲಿನಲ್ಲಿ ಹರಿದು, ಬ್ಯಾಟರಿ ಬೀರುವಿನ ಹಿಂಬದಿಗೆ ಸೇರಿತ್ತು. ನಾನು ನಿಂತು ನೋಡುತ್ತಿರುವುದನ್ನು ಶಿಷ್ಯ ನೋಡಿದ.

"ಇವತ್ತೊಂದು ದಿನ ಮಿಸ್," ಅಂದ ಮೆಲ್ಲಗೆ.

ಆಗಲೇ ನಾನು ಮನೆಗೆ ವಾಪಸ್ ಹೋಗಬಹುದಿತ್ತು. ಹೋಗಲಿಲ್ಲ. ಸ್ಟೇಜ್ ಹತ್ತಿ ಕುರ್ಚಿಯಲ್ಲಿ ಕೂತೆ.

ದೊಡ್ಡ ಸಾಹೇಬರು ಬಂದರು, ಗುಂಡಿ ಒತ್ತಿದರು, ಪಾರ್ಕಿನ ದೀಪಗಳೆಲ್ಲ ಒಟ್ಟಿಗೆ ಹತ್ತಿದವು. ಜನ ಚಪ್ಪಾಳೆ ತಟ್ಟಿದರು. ನನಗೆ ಮೈಸೂರು ಪೇಟ ಇಟ್ಟರು, ಶಾಲು ಹೊದೆಸಿದರು, ಹಣ್ಣಿನ ತಟ್ಟೆ ಕೊಟ್ಟರು. ಎರಡು ಮಾತಾಡಿ ಅಂದರು. ಕೆಳಗೆ ನಮ್ಮ ಆರು ಬೀದಿಯವರೂ ಕೂತಿದ್ದರು. ನನ್ನ ಯಜಮಾನರು ಮೊದಲ ಸಾಲಿನಲ್ಲಿ ಫೋನು ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಮೈಕು ಕೈಗೆ ಬಂದರೆ ನನಗೆ ಕ್ಲಾಸ್ ರೂಮು ನೆನಪಾಗುತ್ತದೆ. ಸಲೀಸಾಗಿ ಮಾತು ಹರಿಯಿತು.

"ಇದು ಪವಾಡ ಅಲ್ಲ, ವಿಜ್ಞಾನ," ಅಂದೆ. "ಈಗ ನಿಮ್ಮ ತಲೆಯ ಮೇಲೆ ಉರೀತಾ ಇರೋ ಈ ದೀಪಗಳು ನಿಮ್ಮದೇ ಮನೆಯ ಸಿಪ್ಪೆಯಿಂದ ..."

ಕರೆಂಟು ಹೋಯಿತು.

ನಮ್ಮ ಕಡೆ ಸಂಜೆ ಒಂದು ಸಲ ಕರೆಂಟು ಹೋಗುವುದು ವಿಶೇಷವೇನಲ್ಲ. ಬೀದಿ ದೀಪ ಹೋಯಿತು, ಎದುರಿನ ಬೇಕರಿಯ ದೀಪ ಹೋಯಿತು, ಅವುಗಳ ಜೊತೆಗೇ ಪಾರ್ಕಿನ ದೀಪಗಳೂ ಹೋದವು, ಮೈಕೂ ಹೋಯಿತು. ಒಂದು ಕ್ಷಣ ಎಲ್ಲರೂ ಲೆಕ್ಕ ಹಾಕುತ್ತಿದ್ದರು ಅಂತ ಕಾಣುತ್ತದೆ. ಆಮೇಲೆ ಹಿಂದಿನ ಸಾಲಿನಿಂದ ಗಂಡಸಿನ ದನಿಯೊಂದು ಬಂತು.

"ಮಿಸ್, ಸಿಪ್ಪೆ ಖಾಲಿ ಆಯ್ತಾ?"

ಮೊದಲು ನಕ್ಕವರು ಹಸುವಿನ ಒಡತಿ. ಆ ನಗು ನನಗೆ ಗೊತ್ತಿತ್ತು. ಆಮೇಲೆ ಇಡೀ ಪಾರ್ಕು ನಕ್ಕಿತು. ಕತ್ತಲಲ್ಲಿ ಪೇಟ ಶಾಲು ಹಾಕಿಕೊಂಡು ನಿಂತಿದ್ದ ನನ್ನ ಕಿವಿಗಳು ಬಿಸಿಯಾಗಿ ಉರಿಯುತ್ತಿದ್ದವು. ಮೂವತ್ತು ವರ್ಷದಲ್ಲಿ ತರಗತಿಯಲ್ಲಿ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಿದ್ದೆ, ತಪ್ಪು ಹೇಳಿದಾಗ ಬೋರ್ಡು ಒರೆಸಿ ಸರಿ ಮಾಡಿದ್ದೆ. ಗೊತ್ತಿದ್ದೂ ಸುಳ್ಳು ಹೇಳಿದ್ದು ಅದೇ ಮೊದಲು. ಅದೂ ಒಂದು ಶಾಲಿಗೆ.

ಮೈಕಿಲ್ಲದಿದ್ದರೂ ನನ್ನ ಗಂಟಲು ದೊಡ್ಡದು. "ಸುಳ್ಳು ಹೇಳಿದೆ, ಕ್ಷಮಿಸಿ," ಅಂದೆ. "ಇದು ಲೈನ್ ಕರೆಂಟು. ತೊಟ್ಟಿ ಇನ್ನೂ ತಯಾರಾಗಿಲ್ಲ. ಬ್ಯಾಟರಿ ಯಾಕೆ ಖಾಲಿ ಅಂತ ಕೇಳಿದ್ರೆ, ಮೇಲೆ ನೋಡಿ."

ಜನ ಫೋನಿನ ಟಾರ್ಚು ಹಾಕಿ ಮಂಟಪದ ಮೇಲೆ ಹಿಡಿದರು. ಐವತ್ತು ಟಾರ್ಚಿನ ಬೆಳಕಿನಲ್ಲಿ ಸಾಹೇಬರ ನಗುಮುಖ ಥಳಥಳ ಹೊಳೆಯಿತು. ಕೆಳಗೆ ಕುರ್ಚಿಯಲ್ಲಿ ಕೂತಿದ್ದ ಸಾಹೇಬರು ನಗುತ್ತಿರಲಿಲ್ಲ.

"ಏನ್ರೀ ಇದು?" ಅಂದರು.

ನನ್ನ ಶಿಷ್ಯ ಬೂಟು ಕಳಚಿ, ಏಣಿ ತಂದು, ಮಂಟಪ ಹತ್ತಿದ. ಒಂದೊಂದೇ ಹಗ್ಗ ಬಿಚ್ಚಿದ. ಸೂರ್ಯ ಮುಳುಗಿ ಆಗಲೇ ಹೊತ್ತಾಗಿತ್ತು. ಆಗ ಬಿಚ್ಚಿದ್ದರಿಂದ ಯಾರಿಗೂ ಏನೂ ಉಪಯೋಗವಿರಲಿಲ್ಲ. ಆದರೂ ಅವನು ಬಿಚ್ಚಿದ. ಫ್ಲೆಕ್ಸ್ ಜಾರಿ ಮೊದಲೆರಡು ಸಾಲಿನ ಮೇಲೆ ಬಿತ್ತು. ನನ್ನ ಯಜಮಾನರು ಅದರ ಅಡಿಯಿಂದ ವಿಡಿಯೋ ನಿಲ್ಲಿಸದೆ ಹೊರಬಂದರು. ಕರೆಂಟು ಮರಳಿ ಬರುವಷ್ಟರಲ್ಲಿ ಸಾಹೇಬರ ಕಾರು ಹೊರಟಿತ್ತು.

ಅವನಿಗೆ ಏನಾಗುತ್ತದೋ ಅಂತ ನಾನು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಏನೂ ಆಗಲಿಲ್ಲ. ಸಾಹೇಬರೇ ಗುಂಡಿ ಒತ್ತಿದ ಸ್ಥಾವರ ಕೆಟ್ಟಿದೆ ಅಂತ ಬರೆಯುವಂತಿರಲಿಲ್ಲವಾದ್ದರಿಂದ, ಅವತ್ತಿನದು 'ವಿದ್ಯುತ್ ವ್ಯತ್ಯಯ ಸಂದರ್ಭದ ಪ್ರಾತ್ಯಕ್ಷಿಕೆ' ಅಂತ ವರದಿಯಾಯಿತು. ಯಶಸ್ವಿ ಅಂತಲೂ ಇತ್ತಂತೆ.

ಶನಿವಾರ ಬಿಸಿಲು ಪ್ಯಾನೆಲ್ ಮೇಲೆ ಬಿತ್ತು. ಭಾನುವಾರ ಸಂಜೆ ಯಾರೂ ಗುಂಡಿ ಒತ್ತದೆ ಪಾರ್ಕಿನ ದೀಪಗಳು ತಾವೇ ಹತ್ತಿದವು. ಕಪ್ಪು ವೈರನ್ನು ಶಿಷ್ಯ ಸುತ್ತಿ ಜೀಪಿಗೆ ಹಾಕಿಕೊಂಡಿದ್ದ. ವಾಕಿಂಗಿಗೆ ಬಂದವರು ಮೂರೇ ಜನ, ನಾನೂ ಸೇರಿ. ಚಪ್ಪಾಳೆ ತಟ್ಟಲು ಯಾರೂ ಇರಲಿಲ್ಲ. ನಾನೇ ಎರಡು ಸಲ ತಟ್ಟಿದೆ.

ತೊಟ್ಟಿಗೆ ಇನ್ನೂ ಐದು ವಾರ ಬೇಕಾಯಿತು. ನಾಯಂಡಹಳ್ಳಿಗೆ ಹೋಗುವ ದಾರಿಯಲ್ಲಿರುವ ಎರಡು ಕಲ್ಯಾಣ ಮಂಟಪಗಳ ಜೊತೆ ಶಿಷ್ಯ ಮಾತಾಡಿದ. ಮದುವೆ ಊಟದ ಎಲೆ, ಉಳಿದ ಅನ್ನ ಬರತೊಡಗಿತು. ಮುಹೂರ್ತ ಇರುವ ದಿನಗಳಲ್ಲಿ ತೊಟ್ಟಿಗೆ ಹಬ್ಬ, ಆಷಾಢದಲ್ಲಿ ಉಪವಾಸ. ಜನರೇಟರ್ ತಿರುಗುವಷ್ಟು ಗ್ಯಾಸು ಇವತ್ತಿನವರೆಗೂ ಆಗಿಲ್ಲ. ಒಂದು ಒಲೆ ಉರಿಯುವಷ್ಟು ಆಗುತ್ತದೆ. ಬೆಳಿಗ್ಗೆ ಐದೂವರೆಗೇ ಬೀದಿ ಗುಡಿಸಲು ಬರುವ ಹೆಂಗಸರು ಶೆಡ್ಡಿನಲ್ಲಿ ಆ ಒಲೆಯ ಮೇಲೆ ಟೀ ಕಾಯಿಸಿಕೊಳ್ಳುತ್ತಾರೆ. ಅದಕ್ಕೆ ಫೈಲಿನಲ್ಲಿ 'ಉಷ್ಣ ಬಳಕೆ' ಅಂತ ಹೆಸರು.

ನಾನು ಕಳೆದುಕೊಂಡದ್ದು ಬೇರೆ. ಹದಿನೈದು ದಿನ ಕಸ ಹೊರಗೆ ಕೊಟ್ಟ ಮನೆಗಳಲ್ಲಿ ಹನ್ನೊಂದು ಮನೆಯವರು ಮತ್ತೆ ಬಕೆಟ್ ಮುಟ್ಟಲಿಲ್ಲ. ಕೊಡುವುದು ಸುಲಭ ಅಂತ ಅವರಿಗೆ ಗೊತ್ತಾಗಿಬಿಟ್ಟಿತು. ತೊಳೆದ ಸಿಪ್ಪೆ ಕೊಟ್ಟ ಆಂಟಿಯೂ ಅವರಲ್ಲಿ ಒಬ್ಬರು. "ನಿಮ್ಮ ಮಿಷನ್ನಿಗೇ ಕೊಡ್ತಾ ಇದೀನಲ್ಲ ಮಿಸ್," ಅನ್ನುತ್ತಾರೆ. ಅವರ ಬಕೆಟ್ಟಿನಲ್ಲಿ ಈಗ ಒಗೆಯುವ ಬಟ್ಟೆ ಇದೆ. ಮತ್ತೆ ಆ ಮನೆಗಳಿಗೆ ಹೋಗುತ್ತಿದ್ದೇನೆ. ಮೊದಲಿನಷ್ಟು ಜೋರಾಗಿ ಮಾತಾಡಲು ಬಾಯಿ ಬರುವುದಿಲ್ಲ. ಯಾರೂ ನಗದಿದ್ದರೆ ಸಾಕು ಅಂದುಕೊಂಡು ಹೋಗುತ್ತೇನೆ.

ಕಳೆದ ತಿಂಗಳು ಹೊಸ ಸಾಹೇಬರೊಬ್ಬರು ಹೇಳದೆ ಕೇಳದೆ ಬೆಳಿಗ್ಗೆ ಸ್ಥಾವರ ನೋಡಲು ಬಂದರು. ನಾನು ವಾಕಿಂಗ್ ಮುಗಿಸಿ ಶೆಡ್ಡಿನ ಮುಂದೆ ನಿಂತಿದ್ದೆ. ಒಲೆಯ ಮುಂದೆ ಕೂತಿದ್ದ ಹೆಂಗಸನ್ನು ಅವರು ಕೇಳಿದರು: "ಇದರಿಂದ ಎಷ್ಟು ಯೂನಿಟ್ ಬರುತ್ತಮ್ಮ?"

"ಯೂನಿಟ್ಟು ಗೊತ್ತಿಲ್ಲ ಸಾರ್," ಅಂದಳು ಅವಳು. "ಹದಿನಾಲ್ಕು ಲೋಟ ಬರ್ತದೆ."

ಸಾಹೇಬರು ಪುಸ್ತಕ ತೆಗೆದು ಏನೋ ಬರೆದುಕೊಂಡರು. ಆಮೇಲೆ ಪುಸ್ತಕ ಮುಚ್ಚಿ, ಅಲ್ಲೇ ಇದ್ದ ಸಿಮೆಂಟ್ ಕಟ್ಟೆಯ ಮೇಲೆ ಕೂತು, "ನಂಗೆ ಸಕ್ಕರೆ ಕಮ್ಮಿ," ಅಂದರು. ಅವಳು ಪಾತ್ರೆಗೆ ಇನ್ನೊಂದು ಲೋಟ ನೀರು ಸುರಿದಳು.